ಗೋಪುರ ಕಾಣ್ತಿದೆ, ಹೋಗು

ಯಾರ ಮನೆಗೆ ಹೋದರೂ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕಿಟಕಿಯ ಅಂಚಿಗೆ ಬೆರಳು ಸವರುವುದು. ನಮ್ಮ ಮನೆಗೆ ಮೊದಲ ಸಲ ಬಂದಾಗ ನಮ್ಮಮ್ಮ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದಳು. ಅವರು ಬೆರಳು ಸವರಿದರು, ಹೆಬ್ಬೆರಳಿಗೆ ಉಜ್ಜಿದರು, ಬೆಳಕಿಗೆ ಹಿಡಿದು ನೋಡಿದರು. ಬೆಳಿಗ್ಗೆ ತಾನೇ ಒರೆಸಿದ್ದ ಕಿಟಕಿ. ಅಮ್ಮನ ಮುಖ ಸಪ್ಪಗಾಯಿತು. ಅವರು ಹೋದ ಮೇಲೆ, "ನಿಮ್ಮಾಫೀಸಿನ ಆ ಮಹಾನುಭಾವರನ್ನ ಇನ್ನೊಂದ್ಸಲ ಕರ್ಕೊಂಡ್ ಬರ್ಬೇಡ. ನಾನೇನು ಮನೆ ಗುಡಿಸಲ್ವಾ?" ಎಂದು ನನ್ನ ಮೇಲೆ ಹರಿಹಾಯ್ದಳು. ಅವರು ನೋಡುತ್ತಿದ್ದದ್ದು ಧೂಳು ಇದೆಯೋ ಇಲ್ಲವೋ ಎಂದಲ್ಲ, ಅದು ಎಲ್ಲಿಂದ ಬಂದದ್ದು ಎಂದು. ಇದನ್ನು ಎಷ್ಟು ಹೇಳಿದರೂ ಅಮ್ಮನ ತಲೆಗೆ ಹೋಗಲಿಲ್ಲ.

ರಸ್ತೆಯ ಧೂಳು ಚರಚರ ಎನ್ನುತ್ತದೆ. ಸಿಮೆಂಟಿನದು ಬೆರಳನ್ನು ಒಣಗಿಸುತ್ತದೆ. ಬಸ್ಸಿನ ಹೊಗೆಯದು ಜಿಡ್ಡು. ಇಷ್ಟು ನನಗೂ ಅವರೇ ಕಲಿಸಿದರು. ಇವಲ್ಲದೆ ಇನ್ನೊಂದು ಇತ್ತು, ನಾನು ಒಂದೇ ಸಲ ಮುಟ್ಟಿದ್ದು. ಅದರ ವಿಷಯ ಮುಂದೆ ಹೇಳುತ್ತೇನೆ.

ಅವರು ಹೋಗಿ ಒಂದೂವರೆ ತಿಂಗಳಾಯಿತು. ಆಫೀಸಿನಲ್ಲಿ ಸಂತಾಪ ಸಭೆಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಶಿಸ್ತು, ಪ್ರಾಮಾಣಿಕತೆ, ಸಮಯಪಾಲನೆ ಎಂದೆಲ್ಲ ಬರೆದುಕೊಟ್ಟೆ. ಅದನ್ನು ಮೈಕಿನಲ್ಲಿ ಓದುವಾಗ ಎದ್ದು ಹೊರಗೆ ಬಂದೆ. ಬರೆದದ್ದು ಸುಳ್ಳೇನಲ್ಲ. ಆದರೆ ಬಿಟ್ಟದ್ದು ಬಹಳ. ಅದನ್ನು ಇಲ್ಲಿ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ.

ನಮ್ಮದು ಹವೆಯ ಲೆಕ್ಕ ಇಡುವ ಒಂದು ಸಣ್ಣ ಕೇಂದ್ರ, ಅವರು ಅದರ ಮುಖ್ಯಸ್ಥರು. ಚಾಮರಾಜಪೇಟೆಯ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆ, ಮೂರು ಮಹಡಿ ಹತ್ತಿದರೆ ತಾರಸಿ. ನಮ್ಮ ಕೋಣೆಯ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಆಕಾಶದ ಲೆಕ್ಕ ಬರೆಯುವವರಿಗೆ ಆಕಾಶವೇ ಕಾಣದ ಕೋಣೆ ಕೊಟ್ಟಿದ್ದಾರೆ ಎಂದು ನಾವು ನಗುತ್ತಿದ್ದೆವು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಎಂಟೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ತಾರಸಿ ಹತ್ತಿ ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಇದಕ್ಕೆ ಯಂತ್ರವೇನೂ ಇರಲಿಲ್ಲ. ದೂರ ಗೊತ್ತಿರುವ ಕೆಲವು ಗುರುತುಗಳಿದ್ದವು: ಎದುರಿನ ಶಾಲೆಯ ಧ್ವಜದ ಕಂಬ, ಅದರಾಚೆ ಒಂದು ಮಸೀದಿಯ ಮಿನಾರು, ಆಮೇಲೆ ನೀರಿನ ಟ್ಯಾಂಕು, ಅದಕ್ಕೂ ಆಚೆ ಲಾಲ್‌ಬಾಗ್ ಬಂಡೆಯ ಮೇಲಿನ ಗೋಪುರ. ಗೋಪುರ ಸ್ಪಷ್ಟವಾಗಿ ಕಂಡರೆ ಗಾಳಿ ಚೊಕ್ಕ. ಟ್ಯಾಂಕಿನವರೆಗೆ ಮಾತ್ರ ಕಂಡರೆ ಧೂಳೋ ಮಂಜೋ ಇದೆ ಎಂದು ಅರ್ಥ.

ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕಳ್ಳತನವಿದೆ. ನಾವು ಅದನ್ನು 'ಕುರ್ಚಿ ರೀಡಿಂಗ್' ಎನ್ನುತ್ತಿದ್ದೆವು. ಮೆಟ್ಟಿಲು ಹತ್ತದೆ, ಕೂತಲ್ಲೇ ಹಿಂದಿನ ಸಾಲು ನೋಡಿ ಅದನ್ನೇ ಬರೆದುಬಿಡುವುದು. ಗೋಪುರ ನಿನ್ನೆ ಕಂಡಿತ್ತು, ಇವತ್ತು ಎಲ್ಲಿಗೆ ಹೋಗುತ್ತದೆ? ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಸರಿಯೇ ಇರುತ್ತದೆ. ಅದಕ್ಕೇ ಅದು ಅಷ್ಟು ಕೆಟ್ಟದ್ದು ಎನ್ನುತ್ತಿದ್ದರು ಅವರು.

ಅದನ್ನು ಹಿಡಿಯಲು ಅವರೊಂದು ಉಪಾಯ ಮಾಡಿದ್ದರು. ತಾರಸಿಯ ಬೀಗದ ಕೈ ಇದ್ದದ್ದು ಒಂದೇ, ಅದೂ ಅವರ ಹತ್ತಿರ. ಬೆಳಿಗ್ಗೆ ಅವರು ತೆಗೆದ ಬಾಗಿಲು ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಬೆಳಿಗ್ಗೆ ಬೀಗ ತೆಗೆದು ಮೇಲೆ ಹೋದವರು ಕಟ್ಟೆಯ ಮೇಲಿನ ಕಂಬಿಗೆ ಒಂದು ತುಂಡು ಬಟ್ಟೆ ಕಟ್ಟಿ ಬರುತ್ತಿದ್ದರು. ದಿನಕ್ಕೊಂದು ಬಣ್ಣ. ಅವರ ಹೆಂಡತಿಯ ಹಳೆಯ ರವಿಕೆಗಳಿಂದ ಕತ್ತರಿಸಿದ ತುಂಡುಗಳು. ಸಂಜೆ ನಾವು ಬರೆದ ಮೇಲೆ, ತಲೆ ಎತ್ತದೆ ಕೇಳುತ್ತಿದ್ದರು.

ವೈಯಾಲಿಕಾವಲ್‌ನಿಂದ ಬರುತ್ತಿದ್ದ ನಮ್ಮ ಇನ್ನೊಬ್ಬ ಸಹೋದ್ಯೋಗಿಗೆ ಮಂಡಿನೋವು, ಮಾತು ಮಾತ್ರ ಜೋರು. ಒಂದು ದಿನ ಆ ಸಹೋದ್ಯೋಗಿಯನ್ನು ಇವರು ಕೇಳಿದರು:

"ಇವತ್ತು ಯಾವ ಬಣ್ಣ ಸ್ವಾಮೀ?"

"ಹಳದಿ ಸಾರ್."

"ಇವತ್ತು ಹಳದಿ ನನ್ನ ಜೇಬಲ್ಲಿದೆ. ಹತ್ತಿ ಬನ್ನಿ."

ಆ ಮನುಷ್ಯ ಗೊಣಗಿಕೊಂಡು ಮೂರು ಮಹಡಿ ಹತ್ತಿ ಇಳಿದು, "ನೀಲಿ" ಎಂದು ಕುರ್ಚಿಗೆ ಬಿದ್ದರು. ನಾವು ಬಿದ್ದು ಬಿದ್ದು ನಕ್ಕೆವು. ಬಣ್ಣ ಕೇಳಿದವರು ಮಾತ್ರ ನಗಲಿಲ್ಲ. "ಧೂಳಿನೊಳಗೆ ನಿಂತೋರಿಗೆ ಧೂಳು ಕಾಣಲ್ಲ. ದೂರಕ್ಕೆ ನೋಡಿದ್ರೆ ಮಾತ್ರ ಕಾಣೋದು. ಅದಕ್ಕೇ ಹತ್ತಿ ಅನ್ನೋದು" ಎಂದರು. ಇದು ಅವರು ಯಾವಾಗಲೂ ಹೇಳುತ್ತಿದ್ದ ಮಾತು. ನನಗೆ ಅದು ಬಾಯಿಪಾಠವಾಗಿತ್ತು, ಅಷ್ಟೇ.

ಅವರು ಮಾವಳ್ಳಿಯವರು. ತಂದೆ ಲಾಲ್‌ಬಾಗಿನಲ್ಲಿ ತೋಟದ ಕೆಲಸಕ್ಕಿದ್ದವರು. ಮನೆಯ ಹಜಾರದಲ್ಲಿ ಒಂದು ಬುದ್ಧನ ಪಟ, ಅದರ ಕೆಳಗೆ ಪುಸ್ತಕಗಳ ಒಂದು ಗಾಜಿನ ಬೀರು. ಆ ಮನೆಯಿಂದ ಮೊದಲು ಸರ್ಕಾರಿ ಕೆಲಸಕ್ಕೆ ಹೋದವರು ಇವರೇ. ಆ ಕೆಲಸ ಅವರನ್ನು ನೇರವಾಗಿ ರಾಜಸ್ಥಾನದ ಮರುಭೂಮಿಯ ಅಂಚಿನ ಒಂದು ಊರಿಗೆ ಕಳಿಸಿತು. ಅಲ್ಲಿ ಒಂಬತ್ತು ವರ್ಷ ಇದ್ದರು. ಅಲ್ಲೂ ಇದೇ ಕೆಲಸ, ಗುರುತುಗಳು ಮಾತ್ರ ಬೇರೆ. ಇನ್ನೂರು ಮೀಟರಿಗೆ ಒಂದು ಒಂಟಿ ಬನ್ನಿಮರ, ಒಂದು ಕಿಲೋಮೀಟರಿಗೆ ರೈಲ್ವೆಯ ನೀರಿನ ಟ್ಯಾಂಕು. ಟ್ಯಾಂಕು ಮರೆಯಾದರೆ ಅದು ಧೂಳಿನ ಬಿರುಗಾಳಿ ಎಂದು ಬರೆಯಬೇಕು. ಬನ್ನಿಮರವೂ ಮರೆಯಾದರೆ ಬರೆಯುವುದನ್ನು ಬಿಟ್ಟು ಒಳಗೆ ಓಡಬೇಕು.

ಅಲ್ಲಿಯವರು ಅದನ್ನು ಆಂಧಿ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ ಎಂದು ಅವರು ನಮಗೆ ವಿವರಿಸುತ್ತಿದ್ದರು. ಒಂದು, ಮುಂಗಾರಿಗೆ ಮುಂಚೆ ಸಂಜೆ ಹೊತ್ತು ಗುಡುಗಿನ ಮೋಡದ ಕೆಳಗಿನಿಂದ ಗೋಡೆಯ ಹಾಗೆ ಎದ್ದು ಬರುವುದು. ಹಗಲಲ್ಲೇ ದೀಪ ಹಾಕಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇನ್ನೊಂದು, ಒಣಗಾಳಿ ಮೂರು ನಾಲ್ಕು ದಿನ ಒಂದೇ ಸಮನೆ ಬೀಸಿ ನೆಲದ ನುಣುಪು ಹುಡಿಯನ್ನೆಲ್ಲ ಮೇಲಕ್ಕೆ ಎತ್ತುವುದು. ಹಾಗೆ ಮೇಲೆ ಹೋದದ್ದು ಮಳೆ ಬಂದು ತೊಳೆಯುವವರೆಗೆ ಇಳಿಯುವುದಿಲ್ಲ. ಗಾಳಿ ಕರೆದ ಕಡೆಗೆ, ಸಾವಿರ ಮೈಲಿಯಾದರೂ ಸರಿ, ಹೋಗುತ್ತದೆ. "ಗೋಡೆ ತರ ಬರೋದಕ್ಕೆ ಹೆದ್ರಬೇಕಾಗಿಲ್ಲಮ್ಮ. ಕಂಡ ತಕ್ಷಣ ಬಾಗಿಲು ಹಾಕ್ಕೋಬಹುದು. ಇನ್ನೊಂದಿದೆಯಲ್ಲ, ಅದು ಬಂದಿದ್ದೇ ಗೊತ್ತಾಗಲ್ಲ" ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಲ್ಲಿ ಅನ್ನದ ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ, ಅದರ ಮೇಲೆ ತಟ್ಟೆ ಮುಚ್ಚಿದರೂ ತುತ್ತಿಗೊಂದು ಸಲ ಹಲ್ಲಿಗೆ ಮರಳು ಸಿಗುತ್ತಿತ್ತೆಂದು ಅಕ್ಕ ಹೇಳಿದ್ದರು. ಅವರಿಗೆ ಅಲ್ಲೇ ಒಬ್ಬಳು ಮಗಳು ಹುಟ್ಟಿದಳು. ಮೂರನೆಯ ಬೇಸಿಗೆಗೆ ಮಗುವಿಗೆ ಉಬ್ಬಸ ಹಿಡಿಯಿತು. ಎದೆಯೊಳಗೆ ಸಿಳ್ಳೆ ಹಾಕಿದ ಹಾಗೆ ಸದ್ದು. ಅಲ್ಲಿಯ ಡಾಕ್ಟರು, ಈ ಮಗುವನ್ನು ಉಳಿಸಿಕೊಳ್ಳಬೇಕಾದರೆ ಈ ಧೂಳಿನಿಂದ ಆಚೆ ಕರೆದುಕೊಂಡು ಹೋಗಿ ಎಂದರಂತೆ. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಸಾಕಾಗಿ, ಕೊನೆಗೆ ಆ ಕೆಲಸವನ್ನೇ ಬಿಟ್ಟು ನಮ್ಮ ಈ ಪುಟ್ಟ ಕೇಂದ್ರಕ್ಕೆ ಕಡಿಮೆ ಹುದ್ದೆಗೆ ಬಂದರು. ಬೆಂಗಳೂರಿನ ಗಾಳಿಗಾಗಿ ಬಂದೆ ಎಂದು ಅವರು ಹೇಳುವಾಗ ನಮಗೆ ಒಳಗೊಳಗೇ ನಗು. ಮನೆಮುಂದೆ ರಸ್ತೆ ಅಗೆದು ವರ್ಷಗಟ್ಟಲೆ ಹಾಗೇ ಬಿಡುವ ಊರು ಇದು. ಆದರೂ ಮಗು ಇಲ್ಲಿ ಚೇತರಿಸಿಕೊಂಡಿತು. ಅದು ನಿಜ.

ಚೇತರಿಸಿಕೊಂಡ ಮಗು ಆಟಕ್ಕೆ ಬಿದ್ದಿತು. ಅದೂ ಯಾವ ಆಟ? ಖೊಖೊ. ಮಣ್ಣಿನ ಅಂಗಳದಲ್ಲಿ ಎದ್ದು ಬಿದ್ದು ಓಡುವ ಆಟ. ಅಪ್ಪನಿಗೆ ಜೀವ ಹೋದಂತಾಗುತ್ತಿತ್ತು, ಬೇಡ ಎನ್ನಲೂ ಮನಸ್ಸಿಲ್ಲ. ಕಾಲೇಜಿಗೆ ಬರುವಷ್ಟರಲ್ಲಿ ಅವಳು ಬಸವನಗುಡಿಯ ಒಂದು ಕ್ಲಬ್ಬಿನ ತಂಡದಲ್ಲಿದ್ದಳು. ತೆಳ್ಳಗೆ, ಕಪ್ಪಗೆ, ಚಾಟಿಯ ಹಾಗಿದ್ದ ಹುಡುಗಿ. ಉಸಿರಿಗೆ ಹಾಕಿಕೊಳ್ಳುವ ಪಂಪನ್ನು ಚೀಲದಲ್ಲಿಟ್ಟುಕೊಂಡು ಓಡುತ್ತಿದ್ದಳು.

ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಗಿತ್ತು. ಆಫೀಸಿನವರಿಗೆಲ್ಲ ಅದು ಗೊತ್ತು. ದಿನಾ ಸಂಜೆ ನಾಲ್ಕೂಕಾಲಿಗೆ ಆಫೀಸಿನ ಫೋನು ರಿಂಗಾಗುತ್ತಿತ್ತು.

"ಅಪ್ಪಾ, ಗೋಪುರ ಕಾಣ್ತಿದೆಯಾ?"

"ಗೋಪುರ ಕಾಣ್ತಿದೆ, ಹೋಗು."

ಅಷ್ಟೇ ಮಾತು. ಎಂದಾದರೊಂದು ದಿನ, "ಇವತ್ತು ಟ್ಯಾಂಕ್ ತನಕ ಪುಟ್ಟಿ, ಬೇಡ" ಎನ್ನುವರು. ಆಚೆಯಿಂದ ಅವಳು ರೇಗುವುದು ನಮಗೂ ಕೇಳಿಸುತ್ತಿತ್ತು. ಆದರೆ ಹೋಗುತ್ತಿರಲಿಲ್ಲ. ಗೋಪುರ ಅವರ ಮನೆಯ ಹತ್ತಿರವೇ ಇತ್ತು, ಅವಳು ತಲೆ ಎತ್ತಿದರೆ ಕಾಣುತ್ತಿತ್ತು. ಹತ್ತಿರದಿಂದ ನೋಡುವ ಗೋಪುರಕ್ಕೆ ಬೆಲೆಯಿಲ್ಲ, ಚಾಮರಾಜಪೇಟೆಯಿಂದ ಕಾಣಬೇಕು ಎಂದು ಅಪ್ಪ ಅವಳಿಗೂ ಕಲಿಸಿದ್ದರು. ಸಂಜೆ ಅವರಿಲ್ಲದ ದಿನ ಫೋನು ನಾನೋ ಇನ್ನೊಬ್ಬರೋ ಎತ್ತಿ ಉತ್ತರ ಹೇಳುತ್ತಿದ್ದೆವು. "ಹೋಗಮ್ಮಾ ತಾಯಿ, ಗೋಪುರ ಎಲ್ಲೂ ಓಡಿಹೋಗಿಲ್ಲ" ಎಂದು ನಾನು ತಮಾಷೆ ಮಾಡಿದರೆ, "ಥ್ಯಾಂಕ್ಸ್ ಆಂಟಿ" ಎಂದು ಇಟ್ಟುಬಿಡುತ್ತಿದ್ದಳು. ಆಗ ನನಗೆ ಮೂವತ್ತಾರು. ಆಂಟಿ ಎಂದಿದ್ದಕ್ಕೆ ಸಿಟ್ಟು ಬರುತ್ತಿತ್ತು.

ಹನ್ನೆರಡು ವರ್ಷದ ಹಿಂದೆ, ಮೇ ತಿಂಗಳ ಕೊನೆ. ಮಳೆ ಇನ್ನೂ ಹಿಡಿದಿರಲಿಲ್ಲ. ಬೆಳಿಗ್ಗೆಯ ನೋಟ ಅವರೇ ಬರೆದು, ಊರಾಚೆ ಮೇಲಿನವರು ಕರೆದಿದ್ದ ಹತ್ತು ಗಂಟೆಯ ಮೀಟಿಂಗಿಗೆ ಕೂಡಲೇ ಹೊರಟರು. ವೈಯಾಲಿಕಾವಲ್‌ನವರು ರಜದ ಮೇಲಿದ್ದರು. ನಾನೊಬ್ಬಳೇ. ಆವತ್ತು ಬಸ್ಸಿಳಿದು ಬರುವಾಗ ಬಿಸಿಲು ಸ್ವಲ್ಪ ಮಂಕಾಗಿದೆ ಅನ್ನಿಸಿತ್ತು. ಮೋಡವಿರಬೇಕು ಎಂದುಕೊಂಡೆ. ನಾಲ್ಕಕ್ಕೆ ಏಳಬೇಕು. ಕಾಲು ನೋಯುತ್ತಿತ್ತು, ಸೆಖೆ ಬೇರೆ, ಎದುರಿನ ಹೋಟೆಲಿನಿಂದ ಕಾಫಿ ಆಗತಾನೇ ಬಂದಿತ್ತು. ಕುಡಿದು ಹತ್ತೋಣ ಎಂದು ಕೂತೆ. ಅಷ್ಟರಲ್ಲಿ ಫೋನು ಬಂತು.

"ಆಂಟಿ, ಗೋಪುರ ಕಾಣ್ತಿದೆಯಾ?"

ರಿಜಿಸ್ಟರು ಮುಂದೆಯೇ ಇತ್ತು. ಬೆಳಿಗ್ಗೆಯ ಸಾಲು ಅವರ ದುಂಡನೆಯ ಅಕ್ಷರದಲ್ಲಿತ್ತು: ಗೋಪುರ ಸ್ಪಷ್ಟ.

"ಕಾಣ್ತಿದೆ, ಹೋಗು" ಎಂದೆ. ಎಂದ ಮೇಲೆ ಅದನ್ನೇ ಕೆಳಗಿನ ಸಾಲಿನಲ್ಲೂ ಬರೆದೆ. ಕಾಫಿ ಇನ್ನೂ ಬಿಸಿ ಇತ್ತು.

ಆರೂವರೆಗೆ ಕ್ಲಬ್ಬಿನವರಿಂದ ಫೋನು. ಆಡುತ್ತಾ ಆಡುತ್ತಾ ಕೂತುಬಿಟ್ಟಳಂತೆ. ಪಂಪು ಹಾಕಿಕೊಂಡರೂ ಉಸಿರು ತಿರುಗಲಿಲ್ಲವಂತೆ. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಹತ್ತೊಂಬತ್ತು ವರ್ಷ. ಅಕ್ಕ ಒಂದು ಶಾಲೆಯಲ್ಲಿ ಟೀಚರು. ಶಾಲೆಯ ಚೀಲ ಹೆಗಲಲ್ಲೇ ಇತ್ತು. ಅವರಿಗೆ ಅಳುವೇ ಬರುತ್ತಿರಲಿಲ್ಲ. ಅಲ್ಲಿದ್ದ ಒಬ್ಬ ನರ್ಸು, ಇವತ್ತು ಊರಲ್ಲೆಲ್ಲ ಧೂಳು, ಬೆಳಿಗ್ಗೆಯಿಂದ ಉಬ್ಬಸದವರೇ ಬರುತ್ತಿದ್ದಾರೆ ಎಂದಳು. ಅಕ್ಕ ತಕ್ಷಣ, ಆಗತಾನೇ ಬಂದು ನಿಂತಿದ್ದ ಗಂಡನ ಕಡೆ ತಿರುಗಿದರು.

"ಧೂಳಿತ್ತಾ? ಹಾಗಾದ್ರೆ ನೀವು ಬೇಡ ಅಂದಿರ್ತೀರಲ್ಲ? ಬೇಡ ಅಂದ್ರೂ ಹೋದ್ಲಾ ಇವ್ಳು?"

ಅವರು ತಲೆ ತಗ್ಗಿಸಿದರು. ಅಕ್ಕ ಅದನ್ನು ಹೌದು ಎಂದುಕೊಂಡರು. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಹೊರಗೆ ಬಂದಾಗ ನಾಲ್ಕು ಹನಿ ಬಿದ್ದು ನಿಂತಿತ್ತು. ನಿಲ್ಲಿಸಿದ್ದ ಗಾಡಿಗಳ ಮೇಲೆಲ್ಲ ಕೆಸರಿನ ಚುಕ್ಕೆ. ಅವರು ತಮ್ಮ ಸ್ಕೂಟರಿನ ಸೀಟಿನ ಮೇಲೆ ಬೆರಳು ಸವರಿ, ಉಜ್ಜಿ, ನನ್ನ ಮುಂದೆ ಹಿಡಿದರು. ನಾನೂ ಮುಟ್ಟಿದೆ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಬೆರಳಿನ ಗೆರೆಗಳೊಳಗೆ ಇಳಿದು ಕೂತುಬಿಟ್ಟಿತು.

"ಇದು ಇಲ್ಲಿದಲ್ಲಮ್ಮ. ಅಲ್ಲಿದು. ಹುಡುಕ್ಕೊಂಡು ಬಂತು ನೋಡು" ಎಂದರು.

ಹದಿನೈದು ದಿನಕ್ಕೆ ಕೆಲಸಕ್ಕೆ ಬಂದರು. ಬಂದವರು ಮೊದಲು ರಿಜಿಸ್ಟರು ತೆಗೆದರು. ಆ ಪುಟದ ಮುಂದೆ ಬಹಳ ಹೊತ್ತು ಕೂತಿದ್ದರು. ಮೇಲಿನ ಸಾಲು ಅವರದು, ಕೆಳಗಿನದು ನನ್ನದು. ಆಮೇಲೆ ಎಂದಿನ ಹಾಗೆ ಪುಟದ ಕೆಳಗೆ ಸಹಿ ಹಾಕಿ ಮುಂದಕ್ಕೆ ತಿರುಗಿಸಿದರು. ಯಾವ ಬಣ್ಣ ಎಂದು ಕೇಳುತ್ತಾರೆ, ಕಾಲಿಗೆ ಬೀಳುತ್ತೇನೆ ಎಂದು ಕಾದಿದ್ದೆ. ಕೇಳಲಿಲ್ಲ. ಒಂದು ತಿಂಗಳಿಗೆ ಮೇಲಿನಿಂದ ಕಾಗದ ಬಂತು: ಆ ದಿನ ಬೇರೆಲ್ಲ ಕೇಂದ್ರಗಳೂ ಧೂಳು ಎಂದು ಬರೆದಿವೆ, ನೀವು ಮಾತ್ರ ಎರಡೂ ಹೊತ್ತು ಸ್ಪಷ್ಟ ಎಂದಿದ್ದೀರಿ, ಕಾರಣ ಕೊಡಿ. ಅವರು ಉತ್ತರ ಹೇಳಿದರು, ನಾನು ಟೈಪ್ ಮಾಡಿದೆ. ನೋಟಗಳನ್ನು ನಿಯಮದಂತೆ ತಾರಸಿಯಿಂದಲೇ ತೆಗೆದುಕೊಳ್ಳಲಾಗಿದೆ. ನನ್ನ ಕೆಲಸ ಉಳಿಸಲು, ಮಗಳನ್ನು ಕಳೆದುಕೊಂಡ ಮನುಷ್ಯ ಸುಳ್ಳು ಬರೆಯುತ್ತಿದ್ದಾರೆ ಎಂದುಕೊಂಡೆ. ಇಂಥವರು ಭೂಮಿಯ ಮೇಲೆ ಇರುತ್ತಾರೆಯೇ ಎಂದು ಮನೆಗೆ ಹೋಗಿ ಬಚ್ಚಲಲ್ಲಿ ನಿಂತು ಅತ್ತೆ.

ಆಮೇಲೂ ಅವರು ದಿನಾ ಬಟ್ಟೆ ಕಟ್ಟಿದರು, ಎಲ್ಲರನ್ನೂ ಬಣ್ಣ ಕೇಳಿದರು. ನನ್ನನ್ನು ಮಾತ್ರ ಎಂದೂ ಕೇಳಲಿಲ್ಲ. ನಾನು ಒಂದು ದಿನವೂ ತಪ್ಪದೆ ಹತ್ತಿದೆ. ಇಳಿದು ಬಂದು ಅವರು ಕೇಳದಿದ್ದರೂ, "ಕೆಂಪು ಸಾರ್" ಎನ್ನುತ್ತಿದ್ದೆ. ಅವರು ಹೂಂ ಎನ್ನುತ್ತಿರಲಿಲ್ಲ. ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು. ನಾಲ್ಕೂಕಾಲಿಗೆ ಫೋನು ರಿಂಗಾದರೆ ಇಬ್ಬರೂ ಎತ್ತುತ್ತಿರಲಿಲ್ಲ. ಯಾರಾದರೂ ಬಂದು ಎತ್ತಲಿ ಎಂದು ಇಬ್ಬರೂ ಕಾಗದ ನೋಡುತ್ತಾ ಕೂರುತ್ತಿದ್ದೆವು.

ಮಾವಳ್ಳಿಯ ಮನೆಗೆ ಹಬ್ಬಕ್ಕೆ ಹುಣ್ಣಿಮೆಗೆ ಹೋಗುತ್ತಿದ್ದೆ. ಹಜಾರದಲ್ಲಿ ಬುದ್ಧನ ಪಟ ಇತ್ತು, ಬೀರು ಇತ್ತು, ಮಗಳ ಫೋಟೊ ಇರಲಿಲ್ಲ. ಅವಳು ಗೆದ್ದ ಕಪ್ಪುಗಳನ್ನೂ ಅಕ್ಕ ಎತ್ತಿಟ್ಟಿದ್ದರು. ಒಮ್ಮೆ ಯಾರೋ ನೆಂಟರು ಮಗಳ ಮಾತು ತೆಗೆದಾಗ ಅಕ್ಕ, "ಮಾತು ಕೇಳ್ದೆ ಹೋದೋಳ ವಿಷ್ಯ ಬೇಡ. ಆ ಮರಳಿಂದ ಎತ್ಕೊಂಡು ಓಡಿ ಬಂದ್ವಿ ನಾವು. ಒಂದು ದಿನ ಆಟ ಬಿಡಕ್ಕಾಗ್ಲಿಲ್ಲ ಅವ್ಳಿಗೆ" ಎಂದುಬಿಟ್ಟರು. ಅಕ್ಕನ ಪಕ್ಕದಲ್ಲೇ ಅವರು ಗೋಡೆ ನೋಡುತ್ತಾ ಕೂತಿದ್ದರು. ನಾನು ಮುಂದಿದ್ದ ಉಪ್ಪಿಟ್ಟನ್ನು ಬಾಯಿಗೆ ತುರುಕಿಕೊಂಡೆ. ನನ್ನ ಹೇಡಿತನ ನನಗೇ ಗೊತ್ತಿತ್ತು. ಅವರದು ದೊಡ್ಡತನ, ನನ್ನನ್ನು ಕಾಪಾಡಲು ಮೌನವಾಗಿದ್ದಾರೆ ಎಂದೇ ನಂಬಿದ್ದೆ.

ಅವರು ನಿವೃತ್ತರಾದರು. ತಾರಸಿಯ ಮೇಲೆ ತಾನೇ ಎಲ್ಲ ಅಳೆಯುವ ಒಂದು ಪೆಟ್ಟಿಗೆ ಬಂದು ಕೂತಿತು. ಹೋದ ಚಳಿಗಾಲದಲ್ಲಿ ಅವರ ಶ್ವಾಸಕೋಶವೇ ಕೈಕೊಟ್ಟಿತು. ಒಂಬತ್ತು ವರ್ಷದ ಮರಳು ಒಳಗೆ ಕೂತಿತ್ತು ಎಂದರು ಡಾಕ್ಟರು. ನಾನು ಮನೆಗೆ ನೋಡಲು ಹೋದಾಗ ಹಾಸಿಗೆಯ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುರ್ರೆನ್ನುತ್ತಿತ್ತು. ಕಿಟಕಿಯತ್ತ ಕೈ ತೋರಿಸಿದರು. ನಾನು ಅಂಚಿಗೆ ಬೆರಳು ಸವರಿ ಮುಂದೆ ಹಿಡಿದೆ. ಮುಟ್ಟಿ ನೋಡಿ, "ಸಿಮೆಂಟು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಅವತ್ತು ಯಾವ ಬಣ್ಣ?"

ಯಾವತ್ತು ಎಂದು ಕೇಳಬೇಕಾಗಿರಲಿಲ್ಲ.

"ಹತ್ತಲಿಲ್ಲ ಸಾರ್. ಕೂತಲ್ಲೇ ಹೇಳ್ಬಿಟ್ಟೆ. ನೀವು ಬೆಳಿಗ್ಗೆ ಬರ್ದಿದ್ದನ್ನೇ ನೋಡಿ ಹೋಗು ಅಂದೆ."

"ಗೊತ್ತು. ಅವತ್ತೇ ಗೊತ್ತಾಯ್ತು."

"ಹೇಗೆ ಸಾರ್?"

"ಹತ್ತಿದ್ರೆ ಫೋನ್ ಮಾಡ್ತಿದ್ದೆ ನೀನು. ಬಾಗಿಲಿಗೆ ಬೀಗ ಇತ್ತು." ಉಸಿರಿಗಾಗಿ ನಿಲ್ಲಿಸಿದರು. "ಬೀಗದ ಕೈ ಮನೇಲಿತ್ತಮ್ಮ. ಬೇರೆ ಪ್ಯಾಂಟಿನ ಜೇಬಲ್ಲಿ. ತರೋಣ ಅಂದ್ರೆ ಮೀಟಿಂಗಿಗೆ ಹೊತ್ತಾಗಿತ್ತು. ಹಿಂದಿನ ದಿನ ಗೋಪುರ ಕಾಣ್ತಿತ್ತಲ್ಲ, ಅದನ್ನೇ ಬರ್ದೆ. ಬಟ್ಟೇನೇ ಕಟ್ಟಿರ್ಲಿಲ್ಲ. ನಿನ್ನ ಏನು ಅಂತ ಕೇಳ್ಲಿ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಅವರನ್ನು ನೋಡಿ ಬರೆದಿದ್ದೆ, ಅವರು ನಿನ್ನೆಯನ್ನು ನೋಡಿ ಬರೆದಿದ್ದರು. ಆ ದಿನ ಆಚೆಗೆ ಯಾರೂ ನೋಡಿರಲಿಲ್ಲ. ಆ ಕಾಗದಕ್ಕೆ ಬರೆಸಿದ ಉತ್ತರ ನನ್ನನ್ನು ಉಳಿಸಲು ಅಲ್ಲ.

"ನಾನು ಹೋದ್ಮೇಲೆ ಅವಳಿಗೆ ಹೇಳು. ಮಗು ಮಾತು ಮೀರ್ಲಿಲ್ಲ ಅಂತ. ನನ್ನ ಕೈಲಾಗಲ್ಲ."

ನನಗೆ ಕೆಟ್ಟ ಸಿಟ್ಟು ಬಂತು. ಸಾಯುತ್ತಿರುವ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಬಾರದು, ಆದರೂ ಬಂತು. ಹನ್ನೆರಡು ವರ್ಷ ನನ್ನನ್ನು ನನ್ನ ತಪ್ಪಿನ ಕೆಳಗೆ ಒಬ್ಬಳನ್ನೇ ಬಿಟ್ಟಿದ್ದರು. ಸತ್ತ ಮಗುವಿನ ತಲೆಯ ಮೇಲೆ ತಮ್ಮ ತಪ್ಪನ್ನೂ ನನ್ನ ತಪ್ಪನ್ನೂ ಹೊರಿಸಿ ಕೂತಿದ್ದರು. "ನೀವೇ ಹೇಳಿ ಸಾರ್. ಅಕ್ಕ ಒಳಗೇ ಇದ್ದಾರೆ, ಕರೀತೀನಿ" ಎಂದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ. ನಾನೂ ಕರೆಯಲಿಲ್ಲ. ಅಕ್ಕ ತಂದ ಕಾಫಿ ಕುಡಿದು ಎದ್ದು ಬಂದೆ. ನಾಲ್ಕು ದಿನಕ್ಕೆ ಅವರು ಹೋದರು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಮಾವಳ್ಳಿಗೆ ಹೋದೆ. ಬುದ್ಧನ ಪಟದ ಪಕ್ಕಕ್ಕೆ ಅವರ ಫೋಟೊ ಬಂದಿತ್ತು. ಕೆಳಗೆ ಒಂದು ಮೇಣದ ಬತ್ತಿ. ಅಕ್ಕ ಅದನ್ನೇ ನೋಡುತ್ತಾ, "ಇವ್ರ ಎದೆ ಒಡೆದಿದ್ದು ಮರಳಿಂದಲ್ಲ. ಅವಳಿಂದ. ಅವತ್ತು ಇವರ ಮಾತು ಕೇಳಿದ್ರೆ ಅವಳೂ ಇರ್ತಿದ್ಲು, ಇವ್ರೂ ಇರ್ತಿದ್ರು" ಎಂದರು.

"ಅವಳು ಮಾತು ಕೇಳೇ ಹೋದ್ಲು ಅಕ್ಕಾ" ಎಂದೆ.

ಒಂದೂ ಬಿಡದೆ ಹೇಳಿದೆ. ನನ್ನ ಕಾಫಿ, ಅವರ ಬೀಗದ ಕೈ, ಮೇಲಿನ ಸಾಲು, ಕೆಳಗಿನ ಸಾಲು. ಅವರು ತಲೆ ತಗ್ಗಿಸಿದ್ದು ಏಕೆ ಎಂಬುದನ್ನೂ ಹೇಳಿದೆ. ಬೈಯುತ್ತಾರೆ, ಆಚೆ ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಅಕ್ಕನಿಗೆ ನಮ್ಮಿಬ್ಬರ ವಿಷಯ ಬೇಕೇ ಇರಲಿಲ್ಲ.

"ಕೇಳಿದ್ಲಾ? ಫೋನ್ ಮಾಡಿ ಕೇಳಿದ್ಲಾ ಅವ್ಳು?"

"ಕೇಳಿದ್ಲು ಅಕ್ಕಾ."

"ಏನಂತ ಕೇಳಿದ್ಲು? ಸರಿಯಾಗಿ ಹೇಳು."

"ಆಂಟಿ, ಗೋಪುರ ಕಾಣ್ತಿದೆಯಾ, ಅಂದ್ಲು."

ಅಕ್ಕ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಕಟ್ಟು ಹಾಕಿಸಿದ ಒಂದು ಫೋಟೊ ಇತ್ತು. ಖೊಖೊ ಅಂಗಳದಲ್ಲಿ, ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು, ಗೆದ್ದ ಕಪ್ಪು ಎತ್ತಿ ಹಿಡಿದು ನಿಂತ ಹುಡುಗಿ. ಹನ್ನೆರಡು ವರ್ಷದ ಧೂಳನ್ನು ಸೆರಗಿನಿಂದ ಒರೆಸಿದರು, ಗಾಜಿಗೆ ಬಾಯಿಂದ ಆವಿ ಊದಿ ಮತ್ತೆ ಒರೆಸಿದರು. ಗೋಡೆಯ ಮುಂದೆ ನಿಂತು ಎಲ್ಲಿ ಎಂದು ನೋಡಿದರು. ನನ್ನ ಮುಖ ನೋಡದೆ ಕೇಳಿದರು:

"ಮೊಳೆ ಹೊಡಿಯಕ್ಕೆ ಬರುತ್ತಾ ನಿಂಗೆ?"